ಕೈಲ್‌ಮುಹೂರ್ತಕ್ಕೊಂದು ಎಡಗೈ ಬಂದೂಕು

ನಾನು ಮಸ್ಕತ್ತಿನಲ್ಲಿ ಪಂಪು, ವಾಲ್ವು ಮಾರುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೆ. ವಾದಿ ಅದಾಯ್‌ನಲ್ಲಿ ಕೆಳಗೆ ಶೋರೂಮು, ಮೇಲೆ ಆಫೀಸು. ತೈಲದ ಬೆಲೆ ಕುಸಿದು ಎಲ್ಲರ ಮುಖವೂ ಇಳಿದಿದ್ದ ವರ್ಷಗಳು ಅವು. ಆಗಾಗ ಯಾರಾದರೊಬ್ಬರು ಕೇಕು ಕತ್ತರಿಸಿ, ಕಣ್ಣೊರೆಸಿಕೊಂಡು ಊರಿಗೆ ಹೊರಡುತ್ತಿದ್ದರು. ಕೇಕು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುವಷ್ಟು ಕೇಕು ತಿಂದೆವು. ಖಸಬ್‌ನಲ್ಲಿದ್ದ ಶಾಖೆಯನ್ನು ಮುಚ್ಚಿಯಾಗಿತ್ತು. ಎಣ್ಣೆ ಬಾವಿಗಳಿಂದ ಆರ್ಡರೇ ಬಾರದ ಮೇಲೆ ಖರೀದಿ ವಿಭಾಗಕ್ಕೆ ಖರೀದಿಸಲು ಏನಿರುತ್ತದೆ? ಹಳೆಯ ಕ್ಯಾಟಲಾಗುಗಳ ಧೂಳು ಒರೆಸುತ್ತ, ಮುಂದಿನ ಕೇಕು ನನ್ನದೇ ಇರಬಹುದೇ ಎಂದು ಯೋಚಿಸುತ್ತ ಕೂತಿರುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ನಮ್ಮ ಮಾಲೀಕರು ಬಂದು ನನ್ನ ಮೇಜಿನ ಮೇಲೆ ಒಂದು ಇಂಗ್ಲಿಷ್ ಪತ್ರಿಕೆ ಇಟ್ಟರು. ಅವರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಯಜಮಾನರೇ ಎಂದ ಹಾಗೆ. ಅರವತ್ತು ದಾಟಿದ ಒಮಾನಿ, ಮಾತು ಕಡಿಮೆ, ಎಳೆಯ ವಯಸ್ಸಿನಲ್ಲಿ ಬೊಂಬಾಯಿ ಓಡಾಡಿ ಹಿಂದಿ ಕಲಿತವರು. ನಾವು ಮಾತಾಡುತ್ತಿದ್ದದ್ದು ಹಿಂದಿ, ಇಂಗ್ಲಿಷ್, ಅರಬಿ ಮೂರನ್ನೂ ಕಲಸಿಕೊಂಡು. ಅದನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ.

"ಮೇಡಂ, ಇದರಲ್ಲಿ ಒಂದನ್ನು ಆರಿಸಿಕೊಡಿ" ಎಂದರು.

ಪುಟ ತೆರೆದರೆ ಬಂದೂಕುಗಳು. ಒಂದೊಂದು ಗುಂಡು ಹಾರಿಸಿದ ಮೇಲೂ ಕೈಯಿಂದ ಬೋಲ್ಟ್ ಎಳೆದು ಮುಂದಿನ ಗುಂಡು ಏರಿಸಬೇಕಾದ ಬೇಟೆಯ ರೈಫಲ್‌ಗಳು, ಮೇಲೆ ದುರ್ಬೀನಿನ ಹಾಗೆ ಸ್ಕೋಪು. ಅರ್ಬಾಬರೂ ಅವರ ತಮ್ಮಂದಿರೂ ಜಿಂಕೆ ಬೇಟೆಗೆಂದು ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಹೋಗುವುದಿತ್ತು. ಅಲ್ಲಿ ಅದಕ್ಕೆ ಅಪ್ಪಣೆ ಉಂಟು, ಕಾಲವುಂಟು.

"ನನ್ನನ್ನು ಯಾಕೆ ಕೇಳುತ್ತೀರಿ?"

"ಕೆಲಸಕ್ಕೆ ಸೇರಿದ ದಿನ ನೀವೇ ಹೇಳಿದ್ದಿರಲ್ಲ, ನಮ್ಮಲ್ಲಿ ಮನೆಮನೆಗೂ ಕೋವಿ ಇದೆ ಅಂತ."

ಹೇಳಿದ್ದು ಹೌದು. ನಾನು ಕೊಡಗಿನವಳು ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಬೆಂಗಳೂರಾ, ಮಂಗಳೂರಾ ಎಂದು ಕೇಳುತ್ತಾರೆ. ಬೇಸತ್ತು ಕೋವಿಯ ಮಾತು ಎತ್ತುತ್ತಿದ್ದೆ, ಆಗ ಕಿವಿ ನೆಟ್ಟಗಾಗುತ್ತಿತ್ತು. ಪಕ್ಕದ ಮೇಜಿನ ಅಕೌಂಟೆಂಟು ಕೇರಳದವರು. ಅವರು ಮುಸಿಮುಸಿ ನಗುತ್ತಿದ್ದದ್ದು ಕಾಣಿಸಿತು. ಹೆಂಗಸು ಬಂದೂಕು ಆರಿಸುವುದು ಅವರಿಗೆ ಆ ವಾರದ ತಮಾಷೆ. ಅವರ ನಗು ನೋಡಿಯೇ ನಾನು ಪತ್ರಿಕೆಯನ್ನು ಹತ್ತಿರ ಎಳೆದುಕೊಂಡೆ.

ನನಗೆ ಬಂದೂಕು ಕಲಿಸಿದ್ದು ನನ್ನ ಅಪ್ಪ. ಸೈನ್ಯದಲ್ಲಿದ್ದು ಬಂದವರು. ನಾನು ಹುಟ್ಟುವ ಮೊದಲೇ ನಮ್ಮ ಕಾಡುಗಳಲ್ಲಿ ಬೇಟೆ ನಿಂತಿತ್ತು. ಹಾಗಾಗಿ ಒಂದು ಹಕ್ಕಿಯನ್ನೂ ನಾನು ಕೊಂದವಳಲ್ಲ. ನಮ್ಮ ಗುರಿಯೆಲ್ಲ ತೆಂಗಿನಕಾಯಿಗೆ. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಮುಹೂರ್ತ ನಮಗೆ ಆಯುಧಗಳ ಹಬ್ಬ. ಬಿತ್ತನೆ ಶುರುವಾದಾಗ ಕೋವಿಯನ್ನು ಪೂಜೆಯ ಕೋಣೆಯಲ್ಲಿಟ್ಟರೆ ನಾಟಿ ಮುಗಿಯುವ ತನಕ ಯಾರೂ ಅದನ್ನು ಎತ್ತುವುದಿಲ್ಲ. ಹಬ್ಬದ ದಿನ ಹೊರಗೆ ತಂದು, ಗಂಧ ಹಚ್ಚಿ, ನಳಿಗೆಯ ತುದಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತೇವೆ. ತೋಕ್ ಎಂದರೆ ಕೋವಿ, ಆ ಹೂವಿಗೆ ಹೆಸರೇ ಕೋವಿಯದು. ಅಕ್ಕಿತರಿಯ ಉಂಡೆ ಕಡಂಬುಟ್ಟು ತಿಂದ ಮೇಲೆ ಮೈದಾನಕ್ಕೆ ಹೋಗಿ, ಮರದ ಮೇಲೆ ಕಟ್ಟಿದ ಕಾಯಿಗೆ ಗುರಿ ಇಡುವುದು. ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ ನಾನು ಮೊದಲ ಗುಂಡಿಗೇ ಕಾಯಿ ಒಡೆದಿದ್ದೆ. ಅಣ್ಣ ನನ್ನ ಬೆನ್ನಿಗೆ ಗುದ್ದಿದ ಗುದ್ದು ಗುಂಡಿನ ಒದೆತಕ್ಕಿಂತ ಜೋರಾಗಿತ್ತು.

ಆಮೇಲೆ ನಾನು ನಮ್ಮ ಜನರಲ್ಲದ, ತುಳು ಮಾತಾಡುವ ಮಂಗಳೂರಿನವರನ್ನು ಪ್ರೀತಿಸಿ ಮದುವೆಯಾದೆ. ಮನೆಯಲ್ಲಿ ರಂಪವೇನೂ ಆಗಲಿಲ್ಲ. ಕೋವಿ ಮುಟ್ಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಬ್ಬದ ದಿನಕ್ಕೆ ಬಾ ಎಂದೂ ಹೇಳಲಿಲ್ಲ, ಅಷ್ಟೇ. ಓಣಂಗೆ, ಕ್ರಿಸ್‌ಮಸ್‌ಗೆ, ಈದ್‌ಗೆ ಎಲ್ಲರೂ ಊರಿಗೆ ಟಿಕೆಟ್ ಮಾಡುವಾಗ ನಾನು ಸೆಪ್ಟೆಂಬರಿಗೆ ಮಾಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೋವಿ ಅಣ್ಣನ ಪಾಲಿಗೆ ಬಂತು. ಪ್ರತಿ ಹಬ್ಬಕ್ಕೂ ಅವನು ಮೈದಾನದಲ್ಲಿರುವ ಹೊತ್ತು ನೋಡಿಕೊಂಡು ಫೋನ್ ಮಾಡುತ್ತಿದ್ದೆ. ಹಬ್ಬ ಹೇಗಾಯ್ತು ಎಂದು ಕೇಳುವುದು ನೆಪ. ಅವನ ಹಿಂದಿನಿಂದ ಕೇಳುವ ಗುಂಡಿನ ಸದ್ದು ನನಗೆ ಬೇಕಿತ್ತು. "ಹೂಂ, ಚೆನ್ನಾಗಾಯ್ತು, ಇಡ್ತೇನೆ, ಇಲ್ಲಿ ಜನ ಇದ್ದಾರೆ" ಎಂದು ಅವನು ಇಟ್ಟುಬಿಡುತ್ತಿದ್ದ. ಒಂದು ಸದ್ದೋ ಎರಡೋ ಸಿಕ್ಕರೆ ನನ್ನ ಪುಣ್ಯ. ಅದನ್ನೇ ಕಿವಿಯಲ್ಲಿಟ್ಟುಕೊಂಡು, ಹಂದಿಮಾಂಸದ ಪಂದಿ ಕರಿಯ ಬದಲು ಕೋಳಿಗೆ ನಮ್ಮ ಕಪ್ಪು ಹುಳಿ ಕಾಚಂಪುಳಿ ಹಾಕಿ ಅಡಿಗೆ ಮಾಡುತ್ತಿದ್ದೆ. ಅಳು ಬಂದರೆ ಹೊಗೆಯಿಂದ ಎಂದು ಹೇಳಲೂ ಆಗದು. ನಮ್ಮದು ಕರೆಂಟಿನ ಒಲೆ.

ಆದ್ದರಿಂದ ಆ ಪತ್ರಿಕೆ ನನ್ನ ಮುಂದೆ ಬಿದ್ದಾಗ ನಾನು ಖರೀದಿ ವಿಭಾಗದ ನೌಕರಳಾಗಿ ಅದನ್ನು ನೋಡಲಿಲ್ಲ. ಹಸಿದವಳ ಹಾಗೆ ನೋಡಿದೆ.

ಅರ್ಬಾಬರ ಆಸೆಯೆಲ್ಲ ದೊಡ್ಡ ದೊಡ್ಡದು. ತಮ್ಮಂದಿರು ಆನೆಯನ್ನು ಬೀಳಿಸುವಂಥ ಮ್ಯಾಗ್ನಮ್ ತೆಗೆದುಕೋ ಎಂದು ತಲೆ ಕೆಡಿಸಿದ್ದರು. "ಜಿಂಕೆ ಹೊಡೆಯಲಿಕ್ಕಾ, ಗೋಡೆ ಕೆಡವಲಿಕ್ಕಾ?" ಎಂದು ಕೇಳಿದೆ. ಅಂಥದ್ದು ಭುಜಕ್ಕೆ ಒದೆಯುತ್ತದೆ, ಒಮ್ಮೆ ಒದೆ ತಿಂದವನು ಎರಡನೆಯ ಸಲ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ಇದು ಅಪ್ಪನ ಮಾತು. ಮಧ್ಯಮ ಗಾತ್ರದ ತ್ರೀ ನಾಟ್ ಎಯ್ಟ್ ಸಾಕು, ಗುಂಡೂ ಎಲ್ಲೆಡೆ ಸಿಗುತ್ತದೆ ಎಂದು ಒಪ್ಪಿಸಿದೆ. ಸ್ಕೋಪಿನಲ್ಲೂ ಅದೇ ಕತೆ. ಇಪ್ಪತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದು ಬೇಕಂತೆ. ಜಿಂಕೆಯನ್ನು ಅಷ್ಟು ದೊಡ್ಡದು ಮಾಡಿದರೆ ನಮ್ಮ ಎದೆಬಡಿತವೂ ಅಷ್ಟೇ ದೊಡ್ಡದಾಗಿ ನಡುಗುತ್ತದೆ, ಮೂರರಿಂದ ಒಂಬತ್ತು ಪಟ್ಟು ಸಾಕು ಎಂದೆ. ಮಳೆಯ ಊರಿಗೆ ಪ್ಲಾಸ್ಟಿಕ್ ಹಿಡಿಯೇ ವಾಸಿ ಎಂದು ನಾನು. ಮರದ ಹಿಡಿಯೇ ಆಗಬೇಕೆಂದು ಅವರು. ಅಲ್ಲಿ ನಾನು ಸೋತೆ. ನಿಜ ಹೇಳಬೇಕೆಂದರೆ ಬೇಕೆಂದೇ ಸೋತೆ. ಕೆನ್ನೆ ತಾಗುವ ಜಾಗ ಮರದ್ದೇ ಆಗಿರಬೇಕು.

ಹಿಡಿಯ ಉದ್ದ ತೋಳಿಗೆ ಸರಿಹೋಗಬೇಕಲ್ಲ. ಮೊಣಕೈಯ ಒಳಬದಿಯಿಂದ ಟ್ರಿಗರ್ ಬೆರಳಿನ ತನಕ ಅಳೆಯಬೇಕು. ಅರ್ಬಾಬರ ತೋಳನ್ನು ನಾನು ಹಿಡಿಯುವುದು ಸರಿಯಲ್ಲ ಎಂದು ಟೇಪನ್ನು ಅಕೌಂಟೆಂಟರ ಕೈಗೆ ಕೊಟ್ಟೆ. ಮಾಲೀಕರ ಬಿಳಿ ನಿಲುವಂಗಿ ದಿಶ್‌ದಾಶದ ತೋಳನ್ನು ಎರಡು ಬೆರಳಲ್ಲಿ ಹಿಡಿದು ಅಳೆಯುವಾಗ ಅವರ ನಗುವೆಲ್ಲ ಇಂಗಿಹೋಗಿತ್ತು.

ಕೊನೆಗೆ ಉಳಿದದ್ದು ಕಣ್ಣು. ಎರಡು ಕಣ್ಣಿನಲ್ಲಿ ಒಂದು ಯಜಮಾನ, ಇನ್ನೊಂದು ಸಹಾಯಕ ಎನ್ನುತ್ತಿದ್ದರು ಅಪ್ಪ. ಬಂದೂಕು ಯಜಮಾನ ಕಣ್ಣಿನ ಕಡೆಯ ಭುಜಕ್ಕೇ ಹೋಗಬೇಕು. ಗೋಡೆಯ ಗಡಿಯಾರಕ್ಕೆ ಹೆಬ್ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ಎಂದೆ. ಎಡಗಣ್ಣು ಮುಚ್ಚಿದಾಗ ಅವರ ಹೆಬ್ಬೆರಳು ಗಡಿಯಾರವನ್ನು ಬಿಟ್ಟು ಕಿಟಕಿಯತ್ತ ಅಲೆಯುತ್ತಿತ್ತು. ಅವರು ಕಾಗದಕ್ಕೆ ಸಹಿ ಹಾಕುವಾಗ ಕೋಳಿಯ ಹಾಗೆ ತಲೆ ಓರೆ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗತ್ತು ಎಂದುಕೊಂಡಿದ್ದೆ.

ಅಕೌಂಟೆಂಟರು ಹೊರಗೆ ಹೋಗುವ ತನಕ ಕಾದು, "ಬಲಗಣ್ಣು ಖಲಾಸ್" ಎಂದರು. "ಎಡದ್ದೂ ನಿಧಾನಕ್ಕೆ ಹೋಗುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ತಮ್ಮಂದಿರಿಗೆ ಹೇಳಿಲ್ಲ."

ಆಮೇಲೆ ಅವರು ಕೂತು ಮಾತಾಡಿದರು. ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಚಿಕ್ಕವರಿದ್ದಾಗ ತಂದೆಯ ಜತೆ ಬೆಟ್ಟದ ಮೇಲೆ ಕಲ್ಲಿನ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾಯುತ್ತಿದ್ದರಂತೆ. ಕೆಳಗೆ ಜಿಂಕೆಗಳು ಬರುವ ದಾರಿ. ತಂದೆ ಬಂದೂಕನ್ನು ಅವರ ಕೈಗೆ ಕೊಟ್ಟು, ಗುರಿ ಹಿಡಿ, ಈಗ ಬೇಡ, ಮುಂದಿನ ಸಲ ಎನ್ನುತ್ತಿದ್ದರಂತೆ. ಆ ಮುಂದಿನ ಸಲ ಬರುವಷ್ಟರಲ್ಲಿ ದೇಶದಲ್ಲಿ ಬೇಟೆ ನಿಂತಿತು. "ನಿಂತದ್ದು ಒಳ್ಳೆಯದೇ ಆಯಿತು. ಅವು ಉಳಿದಿದ್ದೇ ಕಡಿಮೆ" ಎಂದರು. "ಆದರೆ ತಂದೆ ಹೇಳಿದ ಮುಂದಿನ ಸಲ ನನಗೆ ಬರಲೇ ಇಲ್ಲ. ಕಣ್ಣು ಇರುವಾಗ ಒಮ್ಮೆ."

ಬಂದೂಕು ಯಾಕೆ ಬೇಕು ಎಂದು ಕೇಳಿದರೆ ನನಗೂ ಇಷ್ಟೇ ಹೇಳಲು ಬರುತ್ತಿತ್ತು. ಹಾಗಾದರೆ ಎಡಗೈಯಿಂದ ಬೋಲ್ಟ್ ಎಳೆಯುವ ರೈಫಲ್ ತರಿಸೋಣ ಎಂದೆ. ಬೋಲ್ಟ್ ಬಲಕ್ಕಿದ್ದರೆ ಎಡಭುಜದವರು ಪ್ರತಿ ಗುಂಡಿಗೂ ಕೈ ದಾಟಿಸಿ ತಡಕಾಡಬೇಕು. ತಮ್ಮಂದಿರು ಕೇಳಿದರೆ ಎಂದರು ಅವರು. "ಖರೀದಿಯವಳು ತಪ್ಪು ಆರ್ಡರ್ ಕೊಟ್ಟಳು ಅಂತ ನನ್ನ ಮೇಲೆ ಹಾಕಿ" ಎಂದೆ. ಅವರು ಬಾಯಿತುಂಬ ನಕ್ಕರು.

ಪೊಲೀಸರ ಪರವಾನಗಿ ಅವರ ಹೆಸರಿಗೆ ಬಂತು. ಎಡಗೈ ರೈಫಲ್ ಅಂಗಡಿಯಲ್ಲಿ ಇರುವುದಿಲ್ಲ, ತಯಾರಕರಿಂದ ಬರಬೇಕು. ಬಂದಾಗ ಆಗಸ್ಟ್ ಮಧ್ಯ. ಅರ್ಬಾಬರು ಪೆಟ್ಟಿಗೆಯನ್ನು ತಮ್ಮ ಕೋಣೆಯ ಮೇಜಿನ ಮೇಲಿಟ್ಟು ನನ್ನನ್ನು ಕರೆದರು. ಮುಚ್ಚಳ ತೆಗೆದಾಗ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದೇ ವಾಸನೆ, ಪೂಜೆಯ ಕೋಣೆಯದು. ಅವರು ಕೈ ಹಾಕಿ ಎತ್ತಬೇಕು, ಅಷ್ಟರಲ್ಲಿ ನನ್ನ ಬಾಯಿಂದ ಹಾರಿಬಿಟ್ಟಿತು: "ಎತ್ತಬೇಡಿ!"

ಅವರ ಕೈ ಅಲ್ಲೇ ನಿಂತಿತು. ಮಾಲೀಕರಿಗೆ ಹೀಗೆ ಕೂಗಿದ್ದಕ್ಕೆ ಕೇಕು ಗ್ಯಾರಂಟಿ ಎಂದುಕೊಂಡೆ. ತಡವರಿಸುತ್ತ ನಮ್ಮ ಪದ್ಧತಿ ಹೇಳಿದೆ. ನಾಟಿ, ಪೂಜೆಯ ಕೋಣೆ, ಹಬ್ಬದ ತನಕ ಯಾರೂ ಕೋವಿ ಎತ್ತದೆ ಇರುವುದು. ಹೇಳುತ್ತಿದ್ದಂತೆ ನನಗೇ ನಾಚಿಕೆಯಾಯಿತು. ಹನಿ ಮಳೆ ಬೀಳದ ಊರಿನಲ್ಲಿ ಯಾವ ನಾಟಿ, ಯಾರ ಹಬ್ಬ!

"ನಿಮ್ಮ ಹಬ್ಬ ಯಾವಾಗ?" ಎಂದರು.

ಹೇಳಿದೆ.

"ಬಂದೂಕು ಆರಿಸಿದವರು ನೀವು. ಕಾಯೋಣ" ಎಂದು ಮುಚ್ಚಳ ಹಾಕಿದರು.

ಕಾಯುತ್ತಿದ್ದ ದಿನಗಳಲ್ಲಿ ಕಂಪನಿಗೆ ಇನ್ನೂ ಕಷ್ಟ ಬಂತು. ಅಕೌಂಟೆಂಟರು ಕೇಕು ಕತ್ತರಿಸಿದರು. ಟೇಪಿನ ಕತೆ ನೆನೆದು ಇಬ್ಬರೂ ನಕ್ಕೆವು, ನಗುತ್ತಲೇ ಅವರು ಅತ್ತುಬಿಟ್ಟರು. ಮರುದಿನ ಅರ್ಬಾಬರು ತಮ್ಮ ಸ್ಕಾಟ್ಲೆಂಡ್ ಪ್ರಯಾಣ ರದ್ದು ಮಾಡಿಸಲು ನನಗೇ ಹೇಳಿದರು. ತಮ್ಮಂದಿರು ಹೋಗಲಿ, ನಾನು ಹೋಗುವುದಿಲ್ಲ ಎಂದರು.

"ಮುಂದಿನ ವರ್ಷ ಹೋಗಬಹುದಲ್ಲ" ಎಂದೆ, ಮೂರ್ಖಳ ಹಾಗೆ.

ಅವರು ಎಡಗಣ್ಣನ್ನು ಒರೆಸಿಕೊಂಡು, "ಮನುಷ್ಯರನ್ನು ಮನೆಗೆ ಕಳಿಸುತ್ತ ನಾನು ಜಿಂಕೆಯ ಹಿಂದೆ ಹೋಗಲಾ?" ಎಂದರಷ್ಟೆ. ಅವರ ಬೇಟೆ ಅಲ್ಲಿಗೆ ಮುಗಿಯಿತು. ನನಗೆ ಅವರ ತಂದೆಯ ಮೇಲೆ ಸಿಟ್ಟು ಬಂತು. ಒಂದೇ ಒಂದು ಸಲ ಟ್ರಿಗರ್ ಒತ್ತಲು ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಆದರೆ ಹಬ್ಬದ ಮಾತನ್ನು ಅವರು ಮರೆಯಲಿಲ್ಲ. ಆ ವರ್ಷ ಅದು ವಾರದ ರಜೆಯ ದಿನವೇ ಬಿತ್ತು. ಅಲ್ ಅಮೇರಾತ್ ದಾಟಿ ಬೆಟ್ಟಗಳ ನಡುವೆ ಅವರ ಕಡೆಯವರು ಸೇರಿ ಗುರಿ ಹೊಡೆಯುವ ಅಪ್ಪಣೆಯಿರುವ ಬಯಲಿದೆ, ಸಂಜೆ ನಾಲ್ಕಕ್ಕೆ ಗಂಡನ ಜತೆ ಬನ್ನಿ ಎಂದರು.

ಗಂಡನಿಗೆ ಹೇಳಿದರೆ ಅವರು ಹೌಹಾರಿದರು. "ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಕೆಲಸ ಹೋಗ್ತದಾ ಇಲ್ವಾ ಅಂತ ಗೊತ್ತಿಲ್ಲದ ಟೈಮಲ್ಲಿ ನೀನು ವೀಸಾ ಕೊಟ್ಟ ಕಫೀಲನ ಬಂದೂಕಿಗೆ ಪೂಜೆ ಮಾಡ್ಲಿಕ್ಕೆ ಹೋಗುದಾ?"

"ಪೂಜೆ ಅಲ್ಲ, ಒಂದು ಹೂವು ಇಟ್ಟು ಬರ್ತೇನೆ."

ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷದ ಸೆಪ್ಟೆಂಬರ್‌ಗಳನ್ನು ಅವರೂ ನೋಡಿದವರೇ. "ತೆಂಗಿನಕಾಯಿ ಇಲ್ಲಿ ಸಣ್ಣದು ಸಿಗುದು. ಎರಡು ತಗೊಳ್ವ" ಎಂದು ಕಾರಿನ ಕೀ ಹುಡುಕಿದರು. ಈ ಮನುಷ್ಯನನ್ನು ಮದುವೆಯಾದದ್ದಕ್ಕೆ ನನಗೆ ಒಂದು ದಿನವೂ ಬೇಸರವಿಲ್ಲ. ಹಂಬಲ ಬೇರೆ, ಬೇಸರ ಬೇರೆ.

ತೋಕ್ ಪೂ ಮಸ್ಕತ್ತಿನಲ್ಲಿ ಎಲ್ಲಿಯದು? ನಮ್ಮ ಕಟ್ಟಡದ ಗೇಟಿನಲ್ಲಿದ್ದ ಕಾಗದದ ಹೂವಿನ ಬಳ್ಳಿಯಿಂದ ಕೆಂಪನೆಯ ಒಂದು ಗೊಂಚಲು ಕಿತ್ತುಕೊಂಡೆ.

ಬಯಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಬಾಬರು ಒಂದು ಮೇಜಿನ ಮೇಲೆ ಮರಳಿನ ಚೀಲಗಳನ್ನಿಟ್ಟು, ಅದರ ಮೇಲೆ ರೈಫಲ್ ಮಲಗಿಸಿದ್ದರು. ದೂರದಲ್ಲಿ ಮಣ್ಣಿನ ದಿಬ್ಬ. ನನ್ನ ಗಂಡ ಹೋಗಿ ಅದರ ಮುಂದೆ ಒಂದು ಕಲ್ಲಿನ ಮೇಲೆ ಕಾಯಿ ಕೂರಿಸಿ ಬಂದರು. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋದೆ. ಮರಳು ಕಾಲು ಸುಟ್ಟಿತು.

"ಒಂದು ಮಾತು" ಎಂದರು ಅರ್ಬಾಬರು, ನನ್ನ ಕೈ ನೋಡುತ್ತ. "ಹೂವು ಇಡಿ. ಬಂದೂಕು ಮುಟ್ಟಬೇಡಿ. ಪರವಾನಗಿ ನನ್ನ ಹೆಸರಿನಲ್ಲಿದೆ. ನಿಮ್ಮ ವೀಸಾನೂ ನನ್ನ ಹೆಸರಿನಲ್ಲೇ ಇದೆ."

ನನಗೆ ನಗು ಬಂತು, ಅಳುವೂ ಬಂತು. ಎಲ್ಲಿ ಹೋದರೂ ನನ್ನ ಪಾಲಿಗೆ ಮುಟ್ಟಬಾರದ ಕೋವಿಯೇ. ಆದರೆ ಇವರು ಬಾಯಿಬಿಟ್ಟು ಹೇಳಿದರು. ಯಾಕೆ ಎಂದೂ ಹೇಳಿದರು, ಬಾ ಎಂದೂ ಕರೆದಿದ್ದರು. ಹೂವಿನ ತೊಟ್ಟು ಹಿಡಿದು, ಬೆರಳು ತಾಗದ ಹಾಗೆ ನಳಿಗೆಯ ತುದಿಗೆ ಸಿಕ್ಕಿಸಿ, ಎರಡೂ ಕೈ ಎತ್ತಿ ಮುಗಿದೆ.

ಹೊಸ ಸ್ಕೋಪನ್ನು ನಳಿಗೆಗೆ ಹೊಂದಿಸಬೇಕಿತ್ತು. ಅಪ್ಪನ ಕ್ರಮ ನನಗೆ ಗೊತ್ತಿತ್ತು. ಬೋಲ್ಟನ್ನು ಪೂರಾ ಹೊರಗೆಳೆದರೆ ರೈಫಲ್ ಬರೀ ಕೊಳವೆ. ಹಿಂದಿನಿಂದ ಬಗ್ಗಿ ಆ ಕೊಳವೆಯೊಳಗೆ ನೋಡಿ ಗುರಿಯನ್ನು ನಡುವೆ ತಂದುಕೊಂಡು, ಆಮೇಲೆ ಸ್ಕೋಪಿನ ಗೆರೆಗಳನ್ನು ಅದೇ ಗುರಿಗೆ ತಿರುಗಿಸಬೇಕು. ಅರ್ಬಾಬರು ಬೋಲ್ಟ್ ತೆಗೆದರು. "ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿಲ್ಲ. ನೀವು ನೋಡಿ ಹೇಳಿ, ನಾನು ಸರಿಸುತ್ತೇನೆ" ಎಂದರು.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದೆ. ಕೆನ್ನೆಗೂ ಮರಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ. ಒಳಗೆ ನೋಡಿದರೆ ಕಾಯಿಯೂ ಇಲ್ಲ, ದಿಬ್ಬವೂ ಇಲ್ಲ. ಕೆಂಪು.

"ಏನು ಕಾಣುತ್ತದೆ?"

"ಹೂವು" ಎಂದೆ. ಸಿಕ್ಕಿಸಿದವಳೇ ನಾನು, ತೆಗೆಯುವುದನ್ನು ಮರೆತವಳೂ ನಾನೇ. ನನ್ನ ಗಂಡ ಹೊಟ್ಟೆ ಹಿಡಿದು ನಕ್ಕರು. ಹೂವು ತೆಗೆದು ಮತ್ತೆ ಬಗ್ಗಿದೆ. ಈಗ ಕಂಡಿತು. ನಳಿಗೆಯ ಹೊಳೆಯುವ ಸುರುಳಿಗಳ ಆಚೆ ತುದಿಯಲ್ಲಿ, ಬೆಳಕಿನ ಒಂದು ಬಿಲ್ಲೆಯೊಳಗೆ, ಜುಟ್ಟು ಸಮೇತ ತೆಂಗಿನಕಾಯಿ. ಅಪ್ಪನ ಕೈ ತಲೆಯ ಮೇಲಿದ್ದ ಹಾಗಾಯಿತು. ಇನ್ನಷ್ಟು ಹೊತ್ತು ನೋಡುತ್ತಲೇ ಇರಬೇಕೆನಿಸಿತು. ಎಡಕ್ಕೆ, ಸ್ವಲ್ಪ ಕೆಳಕ್ಕೆ ಎಂದು ನಾನು ಹೇಳುತ್ತ ಹೋದೆ, ಅವರು ಸರಿಸುತ್ತ ಹೋದರು.

ಅವರು ಬೋಲ್ಟ್ ಹಾಕಿ ಗುಂಡು ಏರಿಸಿ ಕೂತಾಗ ನಾನು ಹಿಂದೆ ಸರಿದು ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಅದು ಕೊನೆಯ ಸುತ್ತಿನ ಹೊತ್ತು.

"ಹಬ್ಬ ಹೇಗಾಯ್ತು?" ಎಂದೆ, ನಮ್ಮ ಭಾಷೆಯಲ್ಲಿ.

"ಹೂಂ, ಚೆನ್ನಾಗಾಯ್ತು. ಇಡ್ತೇನೆ, ಇಲ್ಲಿ ಜನ..." ಅವನು ಅಷ್ಟು ಹೇಳುವುದಕ್ಕೂ ಇಲ್ಲಿ ಗುಂಡು ಹಾರುವುದಕ್ಕೂ ಸರಿಹೋಯಿತು. ಬೆಟ್ಟಗಳು ಸದ್ದನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ಕಾಯಿಯ ಪಕ್ಕದಲ್ಲಿ ಮಣ್ಣು ಹಾರಿತು.

"ಅದೇನು?" ಎಂದ ಅಣ್ಣ.

"ತೋಕ್."

"ಯಾರದ್ದು?"

"ನಮ್ಮ ಕಂಪನಿಯ ಮಾಲೀಕರದ್ದು. ನಾನು ಆರಿಸಿದ್ದು. ಹಬ್ಬದ ತನಕ ಎತ್ತಲಿಕ್ಕೆ ಬಿಟ್ಟಿಲ್ಲ. ನಾನೇ ಹೂವಿಟ್ಟೆ."

ಅವನ ಹಿಂದೆ ಯಾರೋ ಅವನ ಸರದಿ ಬಂತೆಂದು ಕರೆಯುತ್ತಿದ್ದರು. ಈಗ ಇಟ್ಟುಬಿಡುತ್ತಾನೆ ಎಂದುಕೊಂಡೆ. ಪ್ರತಿ ವರ್ಷದ ಹಾಗೆ ಇಟ್ಟುಬಿಡಲಿ, ಆದರೆ ಒಂದು ಸದ್ದು ನನ್ನ ಕಿವಿಗೆ ಬಿದ್ದ ಮೇಲೆ ಇಡಲಿ ಎಂದು ಬೇಡಿಕೊಂಡೆ.

"ಕಾಯಿ ಒಡೆಯಿತಾ?" ಎಂದ.

ಮದುವೆಯಾದಂದಿನಿಂದ ಅವನು ನನ್ನನ್ನು ಏನೇನೋ ಕೇಳಿದ್ದ. ಆರೋಗ್ಯ ಹೇಗಿದೆ, ಸೆಖೆ ಹೇಗಿದೆ, ಎಲ್ಲ. ಇದನ್ನು ಕೇಳಿರಲಿಲ್ಲ.

"ಇಲ್ಲ" ಎಂದೆ. "ಒಂದು ಗೇಣು ಬಲಕ್ಕೆ ಹೋಯಿತು."

"ಉಸಿರು ಬಿಟ್ಟು ಒತ್ತಲಿಕ್ಕೆ ಹೇಳು."

ಅರ್ಬಾಬರಿಗೆ ಹೇಳಿದೆ. ಅವರು ತಲೆಯಾಡಿಸಿ, ಎಡಗೈಯಿಂದ ಬೋಲ್ಟ್ ಎಳೆದು ಇನ್ನೊಂದು ಗುಂಡು ಏರಿಸಿದರು.

"ಇಲ್ಲಿ ನಮ್ಮದೂ ಒಡೆದಿಲ್ಲ ಇನ್ನೂ" ಎಂದ ಅಣ್ಣ. "ಫೋನ್ ಇಡಬೇಡ."